ಇಷ್ಟೊಂದು ಚಿತ್ತಾರದ ಕವಚ ತೊಟ್ಟು ನಿಜವಾಗಿಯೂ ಈಟಿ ಪಂದ್ಯ ಆಡುತ್ತಿದ್ದರಾ?

ಯುರೋಪಿನ ಮ್ಯೂಸಿಯಂಗಳಲ್ಲಿ ಸವಾರನಿಗೂ ಕುದುರೆಗೂ ಜೋಡಿಯಾಗಿ ಇಟ್ಟಿರುವ ಚಿತ್ತಾರದ ಕವಚಗಳು ಇಬ್ಬರು ಸವಾರರು ಎದುರುಬದುರು ನುಗ್ಗಿ ಈಟಿಯಿಂದ ತಿವಿಯುವ ಪಂದ್ಯಕ್ಕೋ, ಬರೀ ಮೆರವಣಿಗೆಗೋ ಅಂತ ಕೇಳಿದ್ದೀರಿ. ಎರಡೂ ಬಗೆಯವು ಇದ್ದವು. ನಾನು ಮೊದಲು ನೋಡುವುದು ಚಿತ್ತಾರ ಕೊರೆದದ್ದಾ ಅಥವಾ ಉಬ್ಬಿಸಿದ್ದಾ ಅಂತ.

ಕವಚದ ಮೈ ನುಣುಪಾಗಿದ್ದರೆ ಈಟಿಯ ಮೊನೆ ಜಾರಿ ಹೋಗುತ್ತದೆ. ಉಬ್ಬು ಚಿತ್ರ ಇದ್ದರೆ ಅಲ್ಲಿಗೇ ಸಿಕ್ಕಿಕೊಂಡು ಪೂರ್ತಿ ಪೆಟ್ಟು ಒಳಗಿನವನಿಗೇ ಬೀಳುತ್ತದೆ. ಮೇಲಾಗಿ, ಉಬ್ಬಿಸಿದ ಕಡೆ ತಗಡೂ ತೆಳುವಾಗುತ್ತದೆ. ಹಾಗಾಗಿ ಪಂದ್ಯದ ಕವಚಕ್ಕೆ ತೆಳ್ಳಗೆ ಕೊರೆದ ಇಲ್ಲವೇ ಆಸಿಡ್‌ನಿಂದ ಮೂಡಿಸಿದ ಗೆರೆ ಚಿತ್ರಗಳೇ ಸರಿ.

ಕೊರೆದದ್ದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ ಲಂಡನ್ನಿನ ಹಳೆಯ ಕೋಟೆ ‘ಲಂಡನ್ ಟವರ್’ನಲ್ಲಿದೆ. ಸುಮಾರು 1515ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿಗೆ ಮಾಡಿದ್ದು. ಕೊರೆದವನು ಪಾಲ್ ವಾನ್ ವ್ರೆಲಾಂಟ್. ಆಗ ಮೈಯೆಲ್ಲ ಬೆಳ್ಳಿ ಲೇಪ ಇತ್ತು, ಈಗ ಬಹುಪಾಲು ಸವೆದಿದೆ. ಸೊಂಟದ ಕೆಳಗೆ ಉಕ್ಕಿನ ಲಂಗ! ಬಟ್ಟೆಯ ಲಂಗದ ಹಾಗೇ ಬಡಿದು ಮಾಡಿದ್ದಾರೆ. ತಡಿಯ ಮೇಲೆ ಕೂರಲು ಆಗಬೇಕಲ್ವಾ, ಅದಕ್ಕೆ ಹಿಂದೆ ಮುಂದೆ ಕತ್ತರಿಸಿ ಜಾಗ ಬಿಟ್ಟಿದ್ದಾರೆ. ಲಂಗದ ಅಂಚಿನುದ್ದಕ್ಕೂ ಹೆನ್ರಿಯ ‘ಎಚ್’, ರಾಣಿ ಕ್ಯಾಥರಿನ್‌ಳ ‘ಕೆ’, ನಡುನಡುವೆ ಗಂಟು. ಕುದುರೆಯ ಕವಚದ ಮೇಲೆ ಸಂತ ಜಾರ್ಜ್ ಮತ್ತು ಸಂತ ಬಾರ್ಬರಾ ಕಥೆಗಳು. ಇಷ್ಟೆಲ್ಲ ಇದ್ದೂ ಮೈ ಸಮತಟ್ಟೇ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವುದು ಬೇರೆ ಬಗೆ. ಅದನ್ನು 1560ರ ದಶಕದಲ್ಲಿ ಸ್ವೀಡನ್ನಿನ ದೊರೆ ಹದಿನಾಲ್ಕನೇ ಎರಿಕ್‌ಗಾಗಿ ಮಾಡಿದವನು ಆಂಟ್‌ವರ್ಪ್‌ನ ಅಕ್ಕಸಾಲಿಗ ಎಲಿಸಿಯಸ್ ಲಿಬಾರ್ಟ್ಸ್. ಸವಾರ, ಕುದುರೆ ಇಬ್ಬರ ಮೇಲೂ ಗ್ರೀಕ್ ಪುರಾಣದ ಚಿತ್ರಗಳು ಉಬ್ಬಿ ನಿಂತಿವೆ, ಕುದುರೆಯ ಕವಚದ ಮೇಲಿರುವುದು ವೀರ ಹರ್ಕ್ಯುಲಿಸ್‌ನ ಸಾಹಸಗಳು. ಕೆಲಸ ಅದ್ಭುತ, ಆದರೆ ಅದು ಮೆರೆಯುವುದಕ್ಕೆ ಮಾತ್ರ. ಪಾಪ, ದೊರೆಗೆ ಅದು ತಲುಪಲೇ ಇಲ್ಲ. ದಾರಿಯಲ್ಲಿ ಡೆನ್ಮಾರ್ಕಿನವರು ಹಿಡಿದುಕೊಂಡರು.

ಚಿತ್ತಾರ ಬಿಟ್ಟರೆ ಇನ್ನೆರಡು ಗುರುತುಗಳಿವೆ. ನಡುವೆ ಅಡ್ಡ ಬೇಲಿ ಇಟ್ಟು ಆಡುವ ಪಂದ್ಯದಲ್ಲಿ ಎದುರಾಳಿ ಬರುವುದು ಎಡಗಡೆಯಿಂದ. ಅದಕ್ಕೇ ಸವಾರನ ಎಡ ಭುಜ, ಎಡಗೈಗೆ ಜಾಸ್ತಿ ತಗಡು ಕೂರಿಸುತ್ತಿದ್ದರು. ಕುದುರೆಯ ಮುಖದ ಕವಚವನ್ನೂ ನೋಡಿ. ಕೆಲವದರಲ್ಲಿ ಕಣ್ಣಿಗೆ ತೂತೇ ಇರುವುದಿಲ್ಲ. ಎದುರು ನುಗ್ಗಿ ಬರುವ ಕುದುರೆ ಕಂಡು ಬೆದರಿ ಪಕ್ಕಕ್ಕೆ ಸರಿಯಬಾರದು ಅಂತ ಬೇಕೆಂದೇ ಮುಚ್ಚಿರುತ್ತಾರೆ. ಅಂಥದ್ದು ಕಂಡರೆ ಪಂದ್ಯದ್ದೇ ಅಂತ ಧೈರ್ಯವಾಗಿ ಹೇಳಬಹುದು.