ತಪ್ಪೆಲ್ಲ ಡ್ರೈವರ್‌ದೇ ಅಂದರೆ ಮುಗಿಯಿತಾ?

ಪಾಂಡವಪುರದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹ್ಯಾರೋ ರೈಲು ದುರಂತದ ಲೇಖನ ಓದಿದೆ. ಡ್ರೈವರ್ ಕೆಂಪು ಸಿಗ್ನಲ್ ದಾಟಿದ, ಜನ ಸತ್ತರು. ತಪ್ಪು ಅವನದೇ. ಅದಕ್ಕೆ ಅಷ್ಟು ಪುಟ ಬೇಕಿತ್ತಾ?"

ಬೇಕಿತ್ತು ಮೇಷ್ಟ್ರೇ. ಸಿಗ್ನಲ್ ದಾಟಿದ್ದು ನಿಜ. ಯಾಕೆ ದಾಟಿದರು ಅಂತ ಹೇಳೋಕೆ ಆ ಡ್ರೈವರೂ ಉಳಿಯಲಿಲ್ಲ, ಜೊತೆಗಿದ್ದ, ಇಂಜಿನ್‌ಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ನೂ ಉಳಿಯಲಿಲ್ಲ.

1952ರ ಅಕ್ಟೋಬರ್ 8, ಬೆಳಗ್ಗೆ 8.19. ಲಂಡನ್ ಹತ್ತಿರದ ಹ್ಯಾರೋ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ನಿಂತಿತ್ತು. ನಮ್ಮ ಮಂಡ್ಯದಲ್ಲಿ ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತುತ್ತಾರಲ್ಲ, ಹಾಗೇ ಕೆಲಸಕ್ಕೆ ಹೊರಟ ಜನ ತುಂಬಿದ್ದರು. ಸ್ಕಾಟ್ಲೆಂಡಿನ ಪರ್ತ್‌ನಿಂದ ರಾತ್ರಿಯೆಲ್ಲ ಓಡಿ, ತಡವಾಗಿ ಬರುತ್ತಿದ್ದ ಎಕ್ಸ್‌ಪ್ರೆಸ್ ಹಿಂದಿನಿಂದ ಗುದ್ದಿತು. ಬೋಗಿಗಳು ಪಕ್ಕದ ಹಳಿ ಮೇಲೆ ಬಿದ್ದವು. ಕೆಲವೇ ಸೆಕೆಂಡುಗಳಲ್ಲಿ, ಅದೇ ಹಳಿಯಲ್ಲಿ, ಲಂಡನ್ ಕಡೆಯಿಂದ ಎರಡು ಇಂಜಿನ್ ಕಟ್ಟಿಕೊಂಡ ಇನ್ನೊಂದು ಎಕ್ಸ್‌ಪ್ರೆಸ್ ನುಗ್ಗಿ ಬಂತು. ಸಿಗ್ನಲ್‌ಮನ್ ತಕ್ಷಣ ಲಿವರ್ ತಿರುಗಿಸಿ ಸಿಗ್ನಲ್ ಕೆಂಪು ಮಾಡಿದರು, ಆದರೆ ಆ ಗಾಡಿ ಆಗಲೇ ದಾಟಿ ಬಂದಾಗಿತ್ತು. ಒಟ್ಟು 112 ಜನ ಸತ್ತರು. ಆ ಗದ್ದಲದಲ್ಲಿ ಯಾರಿಗೆ ಚಿಕಿತ್ಸೆ ಆಗಿದೆ, ಯಾರಿಗಿಲ್ಲ ಅಂತ ಗೊತ್ತಾಗಲಿ ಅಂತ ಅಮೆರಿಕದ ವಾಯುಪಡೆಯ ನರ್ಸ್ ಆಬಿ ಸ್ವೀಟ್‌ವೈನ್ ಗಾಯಾಳುಗಳ ಹಣೆ ಮೇಲೆ ಲಿಪ್‌ಸ್ಟಿಕ್‌ನಲ್ಲಿ ಗುರುತು ಹಾಕುತ್ತಾ ಹೋದರು.

ಈಗ ನೀವೇ ಹೇಳಿ. ಮುಂದೆ ನಿಲ್ಲಬೇಕಾದಾಗ ಕ್ಯಾಬಿನಲ್ಲಿ ಹಾರ್ನ್ ಕೂಗಿ, ಡ್ರೈವರ್ ಗಮನಿಸದಿದ್ದರೆ ತಾನಾಗಿಯೇ ಬ್ರೇಕ್ ಹಾಕುವ ಸಾಧನ ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯಲ್ಲಿ 1906ರಿಂದಲೇ ಇತ್ತು. ಹ್ಯಾರೋ ಹಾದಿಯಲ್ಲಿ ಇರಲಿಲ್ಲ. ಅಂಥದ್ದನ್ನ ಎಲ್ಲ ಕಡೆ ಹಾಕುವ ಕೆಲಸ ಚುರುಕಾಗಿದ್ದು ಇಷ್ಟು ಹೆಣ ಬಿದ್ದ ಮೇಲೆ! ನನಗೆ ಸಿಟ್ಟು ಬರೋದು ಇಲ್ಲೇ.

ನಮ್ಮಲ್ಲೂ ನೋಡಿ. 2023ರ ಜೂನ್ 2ರಂದು ಬಾಲಸೋರ್ ಹತ್ತಿರ ಕೋರಮಂಡಲ್ ಎಕ್ಸ್‌ಪ್ರೆಸ್ ಡ್ರೈವರ್‌ಗೆ ಸಿಗ್ನಲ್ ಹಸಿರೇ ಇತ್ತು. ಗಾಡಿ ಮಾತ್ರ ಲೂಪ್ ಲೈನಿಗೆ, ಅಂದರೆ ಮೇನ್ ಲೈನಿನ ಪಕ್ಕದಲ್ಲಿ ಗಾಡಿ ನಿಲ್ಲಿಸೋಕೆ ಇರುವ ಹಳಿಗೆ, ಹೋಗಿ ಗೂಡ್ಸ್‌ಗೆ ಗುದ್ದಿತು. ಅದರ ಬೋಗಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿಗೆ ಬಡಿದವು. ಸತ್ತವರು 290ಕ್ಕಿಂತ ಜಾಸ್ತಿ. ಸಿಗ್ನಲ್ ವೈರಿಂಗ್ ಕೆಲಸದಲ್ಲಿ ಆದ ಎಡವಟ್ಟು ಅಂತ ತನಿಖೆ ಹೇಳಿತು. ಮರುವರ್ಷ ಆಯುಧಪೂಜೆ ದಿನ ಮೈಸೂರಿನಿಂದ ಹೊರಟ ಬಾಗ್ಮತಿ ಎಕ್ಸ್‌ಪ್ರೆಸ್ ಕೂಡ ಚೆನ್ನೈ ಹತ್ತಿರದ ಕವರೈಪೆಟ್ಟೈಯಲ್ಲಿ ಹೀಗೇ ಲೂಪ್ ಲೈನಿಗೆ ಹೋಗಿ ಗೂಡ್ಸ್‌ಗೆ ಗುದ್ದಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಲ್ಲೂ ಕೊಟ್ಟಿದ್ದ ಸಿಗ್ನಲ್ ಮೇನ್ ಲೈನಿನದು. ಈ ಡ್ರೈವರ್‌ಗಳನ್ನೆಲ್ಲ ಸುಮ್ನೆ ಬೈಯೋಕಾಗುತ್ತಾ?

ಬಾಲಸೋರ್ ಬಗ್ಗೆ ಮುಂದೆ ಬರೆಸುತ್ತೇವೆ. ನಿಮ್ಮ ಶಿಷ್ಯರಲ್ಲಿ ಯಾರಾದರೂ ಸಿಗ್ನಲ್ ವಿಭಾಗದಲ್ಲಿದ್ದರೆ ನಮಗೆ ಎರಡು ಸಾಲು ಬರೆಯೋಕೆ ಹೇಳಿ, ಮೇಷ್ಟ್ರೇ.