ಲಾಕ್‌ಡೌನಿನಲ್ಲಿ ಕಟ್ಟಡದ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿತ್ತು, ಹೇಗೆ ನಿಲ್ಲಿಸಬೇಕು?

2020ರಲ್ಲಿ ಬಳಕೆಯಾದ ಮುಖ್ಯ ಅಸ್ತ್ರ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಮಾರ್ಚ್ 24ರ ಕೇಂದ್ರದ ಆದೇಶದ ಪ್ರಕಾರ ಜಾರಿಯ ಹೊಣೆ ಜಿಲ್ಲಾಡಳಿತ ನೇಮಿಸಿದ ‘ಇನ್ಸಿಡೆಂಟ್ ಕಮಾಂಡರ್’ಗಳದ್ದು, ಅಂದರೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳದ್ದು. ಆದೇಶ ಮೀರಿದರೆ ಸೆಕ್ಷನ್ 51ರಡಿ 1 ವರ್ಷದವರೆಗೆ ಜೈಲು. ಜೀವಹಾನಿಯಾದರೆ 2 ವರ್ಷ.

ಕೇಸು ಬಿದ್ದುಹೋಗುವುದು ಕಾಗದಪತ್ರದಲ್ಲಿ. ಸೆಕ್ಷನ್ 60ರ ಪ್ರಕಾರ ಸರ್ಕಾರ, ವಿಪತ್ತು ನಿರ್ವಹಣಾ ಪ್ರಾಧಿಕಾರ ಅಥವಾ ಅಧಿಕೃತ ಅಧಿಕಾರಿ (ಇಲ್ಲವೇ 30 ದಿನ ಮುಂಚೆ ನೋಟಿಸ್ ಕೊಟ್ಟವರು) ನ್ಯಾಯಾಲಯಕ್ಕೆ ದೂರು ಕೊಡಬೇಕು, ಬರೀ ಎಫ್‌ಐಆರ್ ನೆಚ್ಚಿಕೊಂಡರೆ ಆಗದು. ಮಹಜರಿನಲ್ಲಿ ಸಮಯ, ಆಳುಗಳ ಸಂಖ್ಯೆ, ನಡೆಯುತ್ತಿದ್ದ ಕೆಲಸ, ಸೈಟ್ ಎಂಜಿನಿಯರ್ ಸಹಿ ಇರಲಿ.

ಏಪ್ರಿಲ್ 20ರಿಂದ ನಗರಗಳಲ್ಲಿ ಸೈಟಿನಲ್ಲೇ ಕೂಲಿಕಾರರಿದ್ದು, ಹೊರಗಿನಿಂದ ಕರೆತರಬೇಕಿಲ್ಲದ ಚಾಲ್ತಿ ಕಾಮಗಾರಿಗಳಿಗೆ ಮಾತ್ರ ಅವಕಾಶ ಸಿಕ್ಕಿತು. ಪರೀಕ್ಷೆ ಸುಲಭ: ಹಾಜರಿ ಪುಸ್ತಕದಲ್ಲಿ 60 ಹೆಸರು, ಶೆಡ್ಡುಗಳಲ್ಲಿ 25 ಜನರ ಹಾಸಿಗೆ ಇದ್ದರೆ ಉಳಿದವರು ಎಲ್ಲಿಂದ ಬಂದರು?

ಬೀಗ ಜಡಿಯುವ ಮುನ್ನ ಒಂದು ಎಚ್ಚರ. ಹೊಸದಾಗಿ ಹಾಕಿದ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆಸಿದ ಮಿಶ್ರ ಸಿಮೆಂಟಾದರೆ 10 ದಿನ ನೀರುಣಿಸಲೇಬೇಕು. ಆಧಾರಗಳ ನಡುವಿನ ಅಂತರ 4.5 ಮೀಟರ್ ಮೀರಿದ ಸ್ಲ್ಯಾಬಿನ ಊರುಗಂಬಗಳನ್ನು 14 ದಿನ ಮುಟ್ಟುವಂತಿಲ್ಲ. ಬೇಸ್‌ಮೆಂಟ್ ಗುಂಡಿಯ ನೀರೆತ್ತುವ ಪಂಪು ನಿಂತರೆ ಪಕ್ಕದ ಮನೆಯ ತಳಪಾಯಕ್ಕೇ ಕುತ್ತು. ಇಷ್ಟಕ್ಕೆ ಬೇಕಾದ ಇಬ್ಬರು-ಮೂವರು ಕೆಲಸಗಾರರಿಗೆ ಆದೇಶದಲ್ಲೇ ಅನುಮತಿ ಬರೆದುಕೊಡಿ.