ರಸೀದಿ ಪುಸ್ತಕದ ಪರವಾಗಿ

ಪತ್ರ (ಸಂಕ್ಷಿಪ್ತ): ನಮ್ಮ ಬಡಾವಣೆಯ ಸಂಘದಲ್ಲಿ 120 ಮನೆಗಳಿವೆ. ತಿಂಗಳಿಗೆ 50 ರೂಪಾಯಿ ವಂತಿಗೆ ಕೇಳಲು ಹೋದರೆ ಮೂರನೇ ಅಡ್ಡರಸ್ತೆಯವರು ಗೇಟೇ ತೆಗೆಯುವುದಿಲ್ಲ. ಹೀಗೆ ಅಲೆಯುವ ಬದಲು ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ಹಣವನ್ನೋ ಶಾಸಕರ ನಿಧಿಯನ್ನೋ ಹಿಡಿಯುವುದು ಜಾಣತನ ಅಲ್ಲವೇ?
– ಒಬ್ಬ ಖಜಾಂಚಿ

ಉತ್ತರ: ಖಜಾಂಚಿಯವರೇ, ನಿಮ್ಮ ಕಾಲುನೋವು ನನಗೆ ಗೊತ್ತು. ದೊಡ್ಡ ದುಡ್ಡು ಬಂದರೆ ಬೇಡ ಅನ್ನಬೇಡಿ. ಆದರೆ ಅದು ಬರುವ ದಾರಿ ನೋಡಿ. ಸಿಎಸ್‌ಆರ್ ಯೋಜನೆ ನಡೆಸಲು ನಿಮ್ಮಂಥ ಸಂಘಕ್ಕೆ ನೋಂದಣಿ ಬೇಕು, ಆದಾಯ ತೆರಿಗೆ ಇಲಾಖೆಯ ತೆರಿಗೆ ವಿನಾಯಿತಿ ಮಾನ್ಯತೆ (12ಎ, 80ಜಿ) ಬೇಕು, ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು. ಆ ಮೂರು ವರ್ಷ ಸಂಘ ಯಾರ ದುಡ್ಡಲ್ಲಿ ನಡೆಯಬೇಕು? ಮೂರನೇ ಅಡ್ಡರಸ್ತೆಯವರ ದುಡ್ಡಲ್ಲೇ ಅಲ್ವಾ! ಶಾಸಕರ ನಿಧಿಯಿಂದ ಭವನ ಕಟ್ಟಿಸಬಹುದು, ತಿಂಗಳ ಕರೆಂಟ್ ಬಿಲ್ ಕಟ್ಟಿಸಲಾಗದು.

ನಾನೂ ಒಂದು ಸಂಘದಲ್ಲಿ ಮಣ್ಣು ಹೊತ್ತವನೇ. ನಾಲ್ಕು ಬೀದಿಯವರು ಹತ್ತು, ಇಪ್ಪತ್ತು ಕೊಟ್ಟು ಒಂದು ವಾಚನಾಲಯ ನಡೆಸುತ್ತಿದ್ದೆವು. ದುಡ್ಡು ಕೊಟ್ಟವರಿಗೆ ಬಾಯೂ ಇತ್ತು. ಪೇಪರ್ ಒಂದು ದಿನ ತಡವಾದರೆ ಜಗಳಕ್ಕೇ ಬರುತ್ತಿದ್ದರು. ಆಮೇಲೆ ಒಬ್ಬ ಧಣಿ ಸಿಕ್ಕರು. ಒಂದೇ ಚೆಕ್ಕಿನಲ್ಲಿ ವರ್ಷದ ಖರ್ಚು ಮುಗಿಯಿತು. ನಾವು ರಸೀದಿ ಪುಸ್ತಕ ಬೀರುವಿಗೆ ಹಾಕಿದೆವು. ಜಗಳಕ್ಕೆ ಬರುವವರೂ ಬರುವುದನ್ನು ನಿಲ್ಲಿಸಿದರು. ಎರಡು ವರ್ಷಕ್ಕೆ ಧಣಿಗೆ ಬೇರೆ ಆಸಕ್ತಿ ಹುಟ್ಟಿತು. ಮತ್ತೆ ಮನೆ ಮನೆಗೆ ಹೋದಾಗ ಜನ ಕೇಳಿದ್ದು ಒಂದೇ ಮಾತು: ‘ಅದು ಅವರದ್ದಲ್ವಾ?’

ಗದಗದ ಹತ್ತಿರದ ಕಣಗಿನಹಾಳ ನೆನಪಿಸಿಕೊಳ್ಳಿ. 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಆ ಹಳ್ಳಿಯಲ್ಲಿ. ಸಾಲಕ್ಕೆ ಸಾಹುಕಾರನ ಬಾಗಿಲಿಗೆ ಹೋಗುವ ರೈತರನ್ನೇ ಸದಸ್ಯರನ್ನಾಗಿ ಮಾಡಿಕೊಂಡ ಸಂಘ ಅದು. ಅವರ ಮುಂದೆ ನಮ್ಮ ಬಡಾವಣೆಗಳು ಕುಬೇರನ ಓಣಿಗಳು. ಮೊಬೈಲಿನಲ್ಲಿ ಸಿನಿಮಾ ನೋಡಲು ತಿಂಗಳ ಚಂದಾ ತಾನಾಗೇ ಕಡಿತವಾದರೂ ನಮಗೆ ಗೊತ್ತಾಗುವುದಿಲ್ಲ. ಬೀದಿ ದೀಪದ ಬಗ್ಗೆ ಓಡಾಡುವ ಸಂಘಕ್ಕೆ 50 ರೂಪಾಯಿ ಅಂದರೆ ಮಾತ್ರ ‘ಯಜಮಾನರು ಮನೇಲಿಲ್ಲ.’

ಸರ್ಕಾರದ ಕಥೆಯೂ ಅಷ್ಟೇ. ಆಸ್ತಿ ತೆರಿಗೆಯ ಜೊತೆ ನಾವು ಶೇ 6 ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಅದು ಗ್ರಂಥಾಲಯಗಳಿಗೆ ತಲುಪದೆ ಬಾಕಿ ಉಳಿದ ಸುದ್ದಿ ಎಷ್ಟು ಸಲ ಓದಿಲ್ಲ? ಸಂಘದ ಖಜಾಂಚಿಯನ್ನಾದರೆ ಹಾಲಿನಂಗಡಿ ಮುಂದೆ ನಿಲ್ಲಿಸಿ ಲೆಕ್ಕ ಕೇಳಬಹುದು. ಸೆಸ್ಸಿನ ಲೆಕ್ಕ ಯಾವ ಅಂಗಡಿ ಮುಂದೆ ಕೇಳೋಣ?

ಒಂದು ಮಾತು, ಬೇಜಾರಾಗಬೇಡಿ. ಮೂರೂವರೆ ಪುಟದ ನಿಮ್ಮ ಪತ್ರದಲ್ಲಿ ಹೋದ ವರ್ಷ ಎಷ್ಟು ಬಂತು, ಎಷ್ಟು ಖರ್ಚಾಯಿತು ಅನ್ನುವುದು ಎಲ್ಲೂ ಇಲ್ಲ. ಮೂರನೇ ಅಡ್ಡರಸ್ತೆಯವರಿಗಾದರೂ ಹೇಳಿದ್ದೀರಾ? ಈ ಭಾನುವಾರ ಮೊದಲು ಅಲ್ಲಿಗೇ ಹೋಗಿ. ರಸೀದಿ ಪುಸ್ತಕ ಚೀಲದಲ್ಲಿರಲಿ, ಲೆಕ್ಕದ ಹಾಳೆ ಕೈಯಲ್ಲಿರಲಿ.